ನೆರೆಯ ವಿದ್ಯಾಪೀಠಗಳು

ನಮ್ಮ ವಿಶ್ವವಿದ್ಯಾಲಯವೊಂದು ಪರದೇಶದ ವಿಶ್ವವಿದ್ಯಾಲಯದೊಡನೆ ಒಡಂಬಡಿಕೆ ಮಾಡಿಕೊಂಡಿತೆಂಬ ವಾರ್ತೆಯನ್ನು ವಾಚಕರು ಆಗಾಗ ಓದಿಯೇ ಇರುತ್ತಾರೆ. ಶಾಲು, ಹಾರ, ಕೈಕುಲುಕುವ ಭಾವಚಿತ್ರ ಎಲ್ಲವೂ ಅದರ ಜೊತೆಗೆ ಬರುತ್ತವೆ. ದೂರದ ಸ್ನೇಹವೇ ಬೇಡವೆನ್ನುವಷ್ಟು ಅರಸಿಕ ನಾನಲ್ಲ. ಆದರೆ ನೆರೆಹೊರೆಯ ಎರಡು ವಿದ್ಯಾಪೀಠಗಳ ನಡುವೆ ನಮ್ಮ ಮಕ್ಕಳು ಎಷ್ಟು ಸಲೀಸಾಗಿ ಓಡಾಡಬಲ್ಲರೆಂಬ ಪ್ರಶ್ನೆಯನ್ನೂ ಕೇಳಬೇಕಲ್ಲವೇ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ಊರುಗಳನ್ನು ನಕಾಶೆಯಲ್ಲಿ ನೋಡಿರಿ. ಆಡಳಿತಕ್ಕೆ ಇವು ಬೆಳಗಾವಿ ಜಿಲ್ಲೆಯವು. ಆದರೆ ಕಿತ್ತೂರಿನವರಿಗೂ ಸವದತ್ತಿಯವರಿಗೂ ಧಾರವಾಡವೇ ಹತ್ತಿರ. ಬೈಲಹೊಂಗಲವು ಎರಡಕ್ಕೂ ಹೆಚ್ಚುಕಡಿಮೆ ಸಮದೂರ. ರಾಮದುರ್ಗಕ್ಕೆ ಎರಡೂ ದೂರವೇ.

ಈ ನೆಲದ ಮೇಲೆ ಗೆರೆಗಳು ಎಷ್ಟೋ ಸಲ ಬದಲಾಗಿವೆ. 1824ರಲ್ಲಿ ಚನ್ನಮ್ಮರಾಣಿಯ ಕಿತ್ತೂರಿನ ಮೇಲೆ ದಂಡೆತ್ತಿ ಬಂದು ಮಡಿದ ಥ್ಯಾಕರೆ ಧಾರವಾಡದ ಕಲೆಕ್ಟರನು. ರಾಮದುರ್ಗವು 1948ರವರೆಗೆ ಬೇರೆಯೇ ಸಂಸ್ಥಾನವಾಗಿತ್ತು. ವಿದ್ಯೆಯ ಗೆರೆಗಳೂ ಹೀಗೆಯೇ. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬಿಟ್ಟುಹೋದರು. ಅವರ ಹೆಸರಿನ ಕಾಲೇಜು 1933ರಲ್ಲಿ ಬೆಳಗಾವಿಯಲ್ಲಿ ತೆರೆಯಿತು. ಅದು ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಬಳಿಕ 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿತು. 2010ರಲ್ಲಿ ಬೆಳಗಾವಿಯಲ್ಲಿಯೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪನೆಯಾದಾಗ ಅದರ ಮಡಿಲಿಗೆ ಸೇರಿತು. ಕಾಲೇಜು ಒಂದೇ, ಮಾತೃಸಂಸ್ಥೆಗಳು ಮೂರು!

ಹೊಸ ವಿಶ್ವವಿದ್ಯಾಲಯದಿಂದ ಜಿಲ್ಲೆಗೆ ಉಪಕಾರವಾಗಿದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗೆರೆ ಎಳೆದ ಮರುದಿನವೇ, ಬಾಗಿಲಾಚೆಯ ಧಾರವಾಡವು ಸವದತ್ತಿಯ ಪದವೀಧರೆಗೆ ‘ಅನ್ಯ ವಿಶ್ವವಿದ್ಯಾಲಯ’ವಾಯಿತು. ಅಲ್ಲಿ ಎಂ.ಎ. ಓದಬೇಕೆಂದರೆ ಮೈಗ್ರೇಶನ್ ಸರ್ಟಿಫಿಕೇಟು ಬೇಕು, ಅರ್ಹತೆಯ ಪತ್ರ ಬೇಕು. ಗಂಡುಮಕ್ಕಳು ಹೇಗೋ ಅಲೆದಾಡಿ ತಂದಾರು. ‘ದಿನಾ ಮನೆಗೆ ಬರುವ ಹಾಗಿದ್ದರೆ ಓದು’ ಎಂದು ತಂದೆ ಷರತ್ತು ಹಾಕಿದ ಹುಡುಗಿಯ ವಿದ್ಯೆ ಅಲ್ಲಿಗೇ ನಿಲ್ಲುವುದುಂಟು. ಈ ಮಾತಿನ ಹಿಂದಿರುವ ಕಳವಳ ಇದೇ.

ಹಾಗಾದರೆ ಎರಡನ್ನೂ ಮತ್ತೆ ಒಂದುಗೂಡಿಸಬೇಕೇ? ಪೂರ್ವ ಆಫ್ರಿಕದ ಅನುಭವ ಬೇರೆಯೇ ಪಾಠ ಹೇಳುತ್ತದೆ. 1963ರಲ್ಲಿ ಉಗಾಂಡ, ಕೆನ್ಯಾ ಮತ್ತು ಟಾಂಗನಿಕಾ ದೇಶಗಳು ಸೇರಿ ಒಂದೇ ವಿಶ್ವವಿದ್ಯಾಲಯವನ್ನು ಕಟ್ಟಿದವು. ವೈದ್ಯಕ್ಕೆ ಮಕೆರೆರೆ, ಎಂಜಿನಿಯರಿಂಗಿಗೆ ನೈರೋಬಿ, ಕಾನೂನಿಗೆ ದಾರ್ ಎಸ್ ಸಲಾಮ್ ಎಂದು ಕೆಲಸವನ್ನು ಹಂಚಿಕೊಂಡವು. ಏಳೇ ವರ್ಷಗಳಲ್ಲಿ, 1970ರಲ್ಲಿ, ಅದು ಮೂರಾಯಿತು. ತನ್ನದೆಂಬ ಮನೆ ಯಾರಿಗೆ ಬೇಡ?

ಯೂರೋಪು ಹಿಡಿದ ದಾರಿ ಬೇರೆ. ಮನೆಗಳು ಬೇರೆ ಬೇರೆಯಾಗಿಯೇ ಇರಲಿ, ಅಗಳಿ ಮಾತ್ರ ತೆಗೆದಿರಲಿ ಎಂದು ಅವರು ನಿಶ್ಚಯಿಸಿದರು. 1987ರಲ್ಲಿ ಆರಂಭವಾದ ‘ಇರಾಸ್ಮಸ್’ ಯೋಜನೆಯಲ್ಲಿ ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ನೆರೆನಾಡಿಗೆ ಹೋಗಿ ಓದಿದರು. ಅದರ ಕ್ರಮ ಬಹು ಸರಳ. ವಿದ್ಯಾರ್ಥಿಯ ಹೆಸರು ತನ್ನ ವಿಶ್ವವಿದ್ಯಾಲಯದಲ್ಲಿಯೇ ಇರುತ್ತದೆ. ಹೋದಲ್ಲಿ ಬೋಧನಾಶುಲ್ಕವನ್ನು ಮತ್ತೆ ಕೊಡಬೇಕಾಗಿಲ್ಲ. ಅಲ್ಲಿ ಯಾವ ಪಾಠ ಕಲಿಯುವುದೆಂದು ಮೊದಲೇ ಬರೆದುಕೊಳ್ಳುತ್ತಾರೆ. ಗಳಿಸಿದ ಅಂಕ ಇಲ್ಲಿಯ ಲೆಕ್ಕಕ್ಕೆ ಸೇರುತ್ತದೆ.

ನಮ್ಮಲ್ಲಿಯೂ ಇದಕ್ಕೆ ದಾರಿ ಇಲ್ಲದಿಲ್ಲ. ಬೇರೆ ಬೇರೆ ಸಂಸ್ಥೆಗಳಲ್ಲಿ ಗಳಿಸಿದ ಕ್ರೆಡಿಟ್ಟುಗಳನ್ನು, ಬ್ಯಾಂಕಿನಲ್ಲಿ ಹಣವಿಟ್ಟಂತೆ, ಒಂದೇ ಖಾತೆಯಲ್ಲಿ ಕೂಡಿಡುವ ನಿಯಮಗಳನ್ನು ವಿಶ್ವವಿದ್ಯಾಲಯ ಅನುದಾನ ಆಯೋಗವು 2021ರಲ್ಲಿ ಹೊರಡಿಸಿದೆ. ಖಾತೆಯೇನೋ ತೆರೆಯಿತು, ಅದರಲ್ಲಿ ಜಮಾ ಆಗಬೇಕಾದರೆ ನೆರೆಯವರ ಮನಸ್ಸು ಕೂಡಬೇಕು.

ಒಂದು ಉದಾಹರಣೆ ಹೇಳುತ್ತೇನೆ. ಸವದತ್ತಿಯೂ ಅದರ ಬಳಿಯ ಹೂಲಿಯೂ ರಟ್ಟರ ಕಾಲದ ಶಾಸನಗಳಿಗೆ ಪ್ರಸಿದ್ಧ. ಅವನ್ನು ಓದುವ ವಿದ್ಯೆಗೆ ತಕ್ಕ ಸ್ಥಳ, 1939ರಲ್ಲಿ ಸ್ಥಾಪನೆಯಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ. ಬೆಳಗಾವಿಯಲ್ಲಿ ಹೆಸರು ಹಚ್ಚಿದ ಸವದತ್ತಿಯ ಹುಡುಗಿ ಅರ್ಧ ವರ್ಷ ಅಲ್ಲಿ ಕುಳಿತು ತನ್ನ ಊರಿನ ಕಲ್ಲನ್ನು ಓದಲು ಕಲಿತು, ಆ ಅಂಕಗಳನ್ನು ಬೆಳಗಾವಿಗೆ ತರುವಂತಾಗಲಿ. ಅದೇ ರೀತಿ ಧಾರವಾಡದ ಹುಡುಗನು ಕನ್ನಡ ಮರಾಠಿಗಳು ಒಂದೇ ಅಂಗಡಿಕಟ್ಟೆಯಲ್ಲಿ ಕೂಡುವ ಬೆಳಗಾವಿಗೆ ಬಂದು ಭಾಷೆಯ ಬಾಳುವೆಯನ್ನು ಅಭ್ಯಾಸ ಮಾಡಲಿ. 1962ರಿಂದ ಕೊಲ್ಲಾಪುರದಲ್ಲಿರುವ ಶಿವಾಜಿ ವಿಶ್ವವಿದ್ಯಾಲಯವೂ ನಮಗೆ ನೆರೆಯದೇ. ಗಡಿಯ ವ್ಯಾಜ್ಯ ನ್ಯಾಯಾಲಯದಲ್ಲಿರಲಿ. ಆ ಸೀಮೆಯ ಕನ್ನಡ ಶಾಸನಗಳನ್ನು ಇಬ್ಬರೂ ಕೂಡಿ ಓದುವುದಕ್ಕೆ ಯಾರ ಅಡ್ಡಿ?

‘ಇದರಿಂದ ಪರೀಕ್ಷೆಯ ಮಟ್ಟ ಕೆಟ್ಟೀತು’ ಎನ್ನುವವರು ಇರಬಹುದು. ನೆರೆಯ ಅಧ್ಯಾಪಕರ ತೂಕವನ್ನು ನಂಬದ ನಾವು ಸಾಗರದಾಚೆಯ ತೂಕವನ್ನು ಹೇಗೆ ನಂಬುತ್ತೇವೆ? ಎರಡು ಪಠ್ಯಕ್ರಮಗಳನ್ನು ಹೊಂದಿಸುವುದು, ಎರಡು ಕಡೆಯೂ ಒಂದೇ ವಾರದಲ್ಲಿ ತರಗತಿ ತೊಡಗುವುದು, ಹಾಸ್ಟೆಲಿನಲ್ಲಿ ನಾಲ್ಕು ಮಂಚ ಕಾದಿರಿಸುವುದು, ಬಸ್ಸಿನ ಪಾಸನ್ನು ನೆರೆಜಿಲ್ಲೆಗೂ ಕೊಡುವುದು: ಇವು ಶ್ರಮದ ಕೆಲಸಗಳೇ ಹೊರತು ಅಸಾಧ್ಯವಾದವುಗಳಲ್ಲ. ಇವುಗಳಿಗೆ ಶಾಲೂ ಬೇಡ, ಹಾರವೂ ಬೇಡ. ಇಬ್ಬರು ಕುಲಸಚಿವರು ಒಂದು ಮೇಜಿನ ಎರಡು ಬದಿಗೆ ಕುಳಿತು ಬರೆಯಬಹುದಾದ ಕಾಗದವಿದು. ಸವದತ್ತಿಯಿಂದ ಧಾರವಾಡಕ್ಕೆ ಹೊರಡುವ ಮುಂಜಾನೆಯ ಬಸ್ಸಿನಲ್ಲಿ ಆ ಹುಡುಗಿಗೂ ಒಂದು ಸೀಟು ಸಿಕ್ಕಲಿ.