ಹೊಟ್ಟೆಯುಬ್ಬರವೆಂದು ಸುಮ್ಮನಿರಬೇಡಿ

ತೋಟದಲ್ಲಿ ದುಡಿಯುವ ತಾಯಂದಿರಿಗೆ ತಮ್ಮ ಕಾಯಿಲೆ ಹೇಳಿಕೊಳ್ಳಲು ಪುರಸೊತ್ತಿಲ್ಲ. ಹೊಟ್ಟೆ ಉಬ್ಬಿದರೆ ಗ್ಯಾಸ್ ಎನ್ನುತ್ತಾರೆ, ಸೊಂಟ ನೊಂದರೆ ಬುಟ್ಟಿಯ ಭಾರ ಎನ್ನುತ್ತಾರೆ. ಹೀಗೆ ಸಮಾಧಾನ ಹೇಳಿಕೊಳ್ಳುತ್ತಲೇ ತಿಂಗಳುಗಳು ಕಳೆಯುತ್ತವೆ. ಅಂಡಾಶಯದ ಕ್ಯಾನ್ಸರ್ ಬೆಳೆಯುವುದು ಈ ಸಮಾಧಾನಗಳ ಮರೆಯಲ್ಲಿಯೇ.

ಗರ್ಭಕೋಶದ ಎರಡು ಪಕ್ಕಗಳಲ್ಲಿ ಬಾದಾಮಿಯಷ್ಟು ಗಾತ್ರದ ಎರಡು ಅಂಡಾಶಯಗಳಿವೆ. ಇವು ಒಳಗೆ ಆಳದಲ್ಲಿರುವುದರಿಂದ ಗಡ್ಡೆ ಬೆಳೆದರೂ ಬೇಗ ಕೈಗೆ ತಿಳಿಯದು. ಹೊಟ್ಟೆಯುಬ್ಬರ ಇಳಿಯದೆ ಉಳಿಯುವುದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಅವಸರ: ಇವೇ ಅದರ ಸೂಚನೆಗಳು. ಒಮ್ಮೊಮ್ಮೆ ಇವು ಯಾರಿಗೂ ಬರಬಹುದು. ಆದರೆ ಹೊಸದಾಗಿ ಶುರುವಾಗಿ ತಿಂಗಳಿಗೆ 12 ಸಲಕ್ಕಿಂತ ಹೆಚ್ಚು ಕಾಡಿದರೆ, ಅದರಲ್ಲೂ 50 ವರ್ಷ ದಾಟಿದವರಿಗೆ, ಡಾಕ್ಟರಿಗೆ ತೋರಿಸಲೇಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡರೂ ಹಾಗೆಯೇ.

ಶಿಬಿರದಲ್ಲಿ ಪ್ಯಾಪ್ ಪರೀಕ್ಷೆ ಮಾಡಿಸಿದ್ದೇವೆ, ಇನ್ನು ಭಯವಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಅದು ಗರ್ಭಕೋಶದ ಕೊರಳಿನ ಪರೀಕ್ಷೆ. ಅಂಡಾಶಯದ ರೋಗವನ್ನು ಹುಡುಕುವುದಕ್ಕಲ್ಲ. ಯಾವ ತೊಂದರೆಯೂ ಇಲ್ಲದವರನ್ನು ವರ್ಷವರ್ಷ ಪರೀಕ್ಷಿಸಿದರೆ ಸಾವು ತಗ್ಗುವುದೇ ಎಂದು ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರಲ್ಲಿ ನೋಡಿದರು. ತಗ್ಗಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಆದುದರಿಂದ ಶಿಬಿರ ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ದೇಹ ಹೇಳುವ ಮಾತನ್ನು ಆಕೆ ಕೇಳಬೇಕು, ಆಕೆಯ ಮಾತನ್ನು ಮನೆಯವರು ಕೇಳಬೇಕು.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಸಿಎ-125 ಎಂಬ ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಮಾಡಿಸುತ್ತಾರೆ. ತಾಯಿ, ಅಕ್ಕತಂಗಿಯರಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನೂ ಮರೆಯದೆ ಹೇಳಿ. ಈ ರೋಗ ಕೆಲವು ಮನೆತನಗಳಲ್ಲಿ ರಕ್ತಸಂಬಂಧದಿಂದ ಬರುವುದುಂಟು. ರೋಗ ಅಂಡಾಶಯದೊಳಗಿರುವಾಗಲೇ ಸಿಕ್ಕಿ ಚಿಕಿತ್ಸೆಯಾದರೆ 10 ಮಂದಿಯಲ್ಲಿ ಸುಮಾರು 9 ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಅರ್ಧದಷ್ಟು ಮಂದಿಯೂ ಉಳಿಯುವುದಿಲ್ಲ.

ಡಿಸ್ಪೆನ್ಸರಿಯಲ್ಲಿ ಕೊಟ್ಟ ಗ್ಯಾಸ್ ಮಾತ್ರೆಯಿಂದ ಎರಡು ಮೂರು ವಾರದಲ್ಲಿ ಗುಣವಾಗದಿದ್ದರೆ ದೊಡ್ಡಾಸ್ಪತ್ರೆಗೆ ಚೀಟಿ ಕೇಳಿ. ನಾಚಿಕೆ ಬೇಡ. ವಯನಾಡಿನವರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ. ಆಕೆ ಹೋದ ದಿನ ಒಲೆ ಹಚ್ಚುವುದು ಗಂಡನ ಕೆಲಸವಾಗಲಿ. ಆ ದಿನದ ಕೂಲಿ ಕಡಿಯದಂತೆ ನೋಡಿಕೊಳ್ಳುವುದು ಯೂನಿಯನ್ನಿನ ಕೆಲಸವಾಗಲಿ. ಒಂದು ದಿನದ ಕೂಲಿಗೆ ಹೆದರಿ ಒಬ್ಬ ತಾಯಿಯನ್ನು ಕಳೆದುಕೊಳ್ಳುವುದು ನಮ್ಮ ಲೈನುಗಳಲ್ಲಿ ಇನ್ನು ನಡೆಯಬಾರದು.