ಕ್ಯಾಂಪರ್‌ನಲ್ಲಿ ಕಕ್ಕಸು ಇದೆ, ಕಬ್ಬು ಕಡಿಯುವವಳಿಗೆ ಇಲ್ಲ

ನಮ್ಮ ಕಡೆ ಕ್ಯಾಂಪರ್ ಅಂದರೆ ಬೊಲೆರೋ ಕ್ಯಾಂಪರ್. ಮುಂದೆ ನಾಲ್ಕೈದು ಜನ, ಹಿಂದೆ ಗೊಬ್ಬರದ ಚೀಲ, ಸಂತೆಗೆ ಹೊರಟ ಕುರಿ, ಮದುವೆ ಮನೆಯ ಪಾತ್ರೆ. ಬೆಂಗಳೂರಿನವರ ಕ್ಯಾಂಪರ್ ಬೇರೆ, ಅದು ವ್ಯಾನಿನೊಳಗಿನ ಮನೆ. ಅಂಥ ವ್ಯಾನುಗಳ ಹವ್ಯಾಸಿಗಳು ಬೆಂಗಳೂರಿನ ಹೊರವಲಯದಲ್ಲಿ ಶನಿವಾರ, ಭಾನುವಾರ ಸೇರಿ ನಡೆಸಿದ ಪ್ರದರ್ಶನಕ್ಕೆ ಹೋಗಿ ಬಂದೆ. ಬಂದ ಮೇಲೆ ಒಂದು ಮಾತು ಹೇಳಲೇಬೇಕು ಅನ್ನಿಸಿದೆ. ಬಂಡಿಯಲ್ಲಿ ಬದುಕುವುದು ಹವ್ಯಾಸವಾದರೆ ಸರ್ಕಾರಗಳು ನೀತಿ ಬರೆಯುತ್ತವೆ. ಅದೇ ಹೊಟ್ಟೆಪಾಡಾದರೆ ತಿರುಗಿಯೂ ನೋಡುವುದಿಲ್ಲ.

ವ್ಯಾನುಗಳು ಚೆನ್ನಾಗಿದ್ದವು. ಫೋರ್ಸ್ ಟ್ರಾವೆಲರ್‌ನ ಸೀಟುಗಳನ್ನೆಲ್ಲ ಕಿತ್ತು ಮಡಚುವ ಮಂಚ, ಇಂಡಕ್ಷನ್ ಒಲೆ, ಪುಟ್ಟ ಫ್ರಿಜ್ ಕೂರಿಸಿದ್ದರು. ಮಾಡಿನ ಮೇಲೆ ಸೋಲಾರ್, ಅಡಿಯಲ್ಲಿ ನೀರಿನ ಟ್ಯಾಂಕ್, ಮೂಲೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕಕ್ಕಸು. ಒಬ್ಬರು ಪ್ರತಿ ಡ್ರಾಯರ್ ಎಳೆದು ತೋರಿಸಿ, ಮರಗೆಲಸ ತಾವೇ ಮಾಡಿದ್ದು ಎಂದರು. ಕರೆದು ಚಹಾ ಕೊಟ್ಟರು. ಇವರ ಮೇಲೆ ನನಗೆ ಸಿಟ್ಟಿಲ್ಲ. ಸ್ವಂತ ದುಡ್ಡು, ಸ್ವಂತ ಶ್ರಮ.

ಅವರಿಗೂ ದೂರುಗಳಿವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಗಾಡಿಯನ್ನು ಬೇಕಾದಂತೆ ಬದಲಿಸುವಂತಿಲ್ಲ, ಆರ್‌ಟಿಒ ಕಚೇರಿಗೆ ಅಲೆಯಬೇಕು. ಅದಕ್ಕಿಂತ ದೊಡ್ಡ ದೂರು ಬೇರೆಯದು: ರಾತ್ರಿ ನಿಲ್ಲಲು ಭದ್ರವಾದ ಜಾಗ ಇಲ್ಲ, ನೀರು ತುಂಬಿಸಿಕೊಳ್ಳಲು ನಲ್ಲಿ ಇಲ್ಲ, ಕಕ್ಕಸಿನ ಟ್ಯಾಂಕ್ ಖಾಲಿ ಮಾಡಲು ವ್ಯವಸ್ಥೆ ಇಲ್ಲ.

ಜಾಗ, ನೀರು, ಕಕ್ಕಸು. ಈ ಮೂರನ್ನು ನಾನು ಮೊದಲೂ ಕೇಳಿದ್ದೇನೆ, ಕಬ್ಬು ಕಡಿಯುವ ಗ್ಯಾಂಗುಗಳ ಬಾಯಲ್ಲಿ.

ದೀಪಾವಳಿ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಮುಧೋಳ, ಜಮಖಂಡಿ, ಬೆಳಗಾವಿ ಭಾಗಕ್ಕೆ ಟ್ರ್ಯಾಕ್ಟರ್ ಟ್ರೇಲರ್‌ಗಳು ಬರುತ್ತವೆ. ನಮ್ಮ ವಿಜಯಪುರದ ತಾಂಡಾಗಳಿಂದ ಅತ್ತ ಕಡೆಗೂ ಹೋಗುತ್ತವೆ. ಗಂಡ, ಹೆಂಡತಿ, ಮಕ್ಕಳು, ಹಿಟ್ಟಿನ ಚೀಲ, ಎಲ್ಲ ಅದರಲ್ಲೇ. ಅದೂ ಕ್ಯಾಂಪರೇ, ಮಾಡು ಮಾತ್ರ ಇರುವುದಿಲ್ಲ. ತಲುಪಿದ ಮೇಲೆ ಬಯಲಲ್ಲಿ ತಾಡಪಾಲಿನ ಜೋಪಡಿ. ಐದಾರು ತಿಂಗಳು ಅಲ್ಲೇ ಬದುಕು, ಕೆಲವರಿಗೆ ಬಾಣಂತನವೂ ಅಲ್ಲೇ.

ಹಂಗಾಮು ಮುಗಿಸಿ ತಾಂಡಾಕ್ಕೆ ಮರಳಿದ್ದ ಒಬ್ಬ ತಾಯಿಯನ್ನು ಕಕ್ಕಸಿಗೆ ಏನು ಮಾಡುತ್ತೀರಿ ಎಂದು ಕೇಳಿದ್ದೆ. "ಕತ್ತಲಾಗೂ ತನಕ ತಡೀತೀವ್ರಿ. ಅದಕ್ಕ ನೀರs ಕಮ್ಮಿ ಕುಡೀತೀವಿ" ಅಂದಳು. ಬಿಸಿಲಲ್ಲಿ ದಿನವಿಡೀ ಕಬ್ಬು ಕಡಿದು, ಹೊರೆ ಹೊರುವ ಹೆಣ್ಣುಮಗಳ ಮಾತು ಇದು.

ಈಗ ಸರ್ಕಾರಗಳ ಲೆಕ್ಕ ನೋಡಿ. ಪಕ್ಕದ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಪ್ರವಾಸಿಗರಿಗೆ ಬಾಡಿಗೆಗೆ ಬಿಡಲು ಗಾಡಿ ಕೊಳ್ಳುವವರಲ್ಲಿ ಮೊದಲ 100 ಮಂದಿಗೆ 7.5 ಲಕ್ಷ ರೂಪಾಯಿ ತನಕ ಸಹಾಯಧನ ಘೋಷಿಸಿತು. ಅವು ನಿಲ್ಲಲು ನೀರು, ಕರೆಂಟು ಇರುವ ಕ್ಯಾರವಾನ್ ಪಾರ್ಕ್ ಬೇರೆ. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಸೇರಿದೆ. ಅಂದರೆ ಚಲಿಸುವ ಮನೆಗೆ ಏನೇನು ಬೇಕು ಎಂಬುದು ಅಧಿಕಾರಿಗಳಿಗೆ ಗೊತ್ತು.

ಕಬ್ಬಿನವರ ವಿಷಯದಲ್ಲಿ ಕಾನೂನು ಇರಲಿಲ್ಲವೇ? ಇತ್ತು. ಹೊರರಾಜ್ಯದಿಂದ ಕರೆತಂದ ಕಾರ್ಮಿಕರಿಗೆ ಗುತ್ತಿಗೆದಾರ ಸರಿಯಾದ ವಸತಿ ಕೊಡಬೇಕು ಎಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಾಲ್ಕು ದಶಕ ದಾಟಿದರೂ ನಾನು ನೋಡಿದ ವಸತಿ ತಾಡಪಾಲಿನದೇ.

"ಪ್ರವಾಸಿಗರು ಬಂದರೆ ದುಡ್ಡು ಬರುತ್ತದೆ" ಅನ್ನುತ್ತಾರೆ. ಕಬ್ಬು ಕಡಿಯುವವರು ಬರದಿದ್ದರೆ? ಗ್ಯಾಂಗ್ ಎರಡು ವಾರ ತಡವಾದರೆ ರೈತ ಫೀಲ್ಡ್‌ಮನ್ ಕಾಲು ಹಿಡಿಯುತ್ತಾನೆ. ಕಬ್ಬು ಒಣಗಿ ತೂಕ ಕಳೆಯುತ್ತದೆ, ಕಾರ್ಖಾನೆ ಅರೆಯಲು ಏನೂ ಇರುವುದಿಲ್ಲ. ಪ್ರದರ್ಶನದಲ್ಲಿ ನನಗೆ ಕೊಟ್ಟ ಚಹಾದ ಸಕ್ಕರೆಯೂ ಇಂಥ ಕೈಗಳದ್ದೇ.

ಕ್ಯಾಂಪರ್‌ನವರಿಗೂ ಒಂದು ಪ್ರಶ್ನೆ. ಟ್ಯಾಂಕ್ ಎಲ್ಲಿ ಖಾಲಿ ಮಾಡುತ್ತೀರಿ ಎಂದು ಮೂವರನ್ನು ಕೇಳಿದೆ. ಒಬ್ಬರು ಪೆಟ್ರೋಲ್ ಬಂಕಿನ ಶೌಚಾಲಯ ಎಂದರು. ಇನ್ನೊಬ್ಬರು "ಎಲ್ಲಾದರೂ ನೋಡಿಕೊಳ್ಳುತ್ತೇವೆ" ಎಂದರು. ಮೂರನೆಯವರು ನಕ್ಕರು. ಆ "ಎಲ್ಲಾದರೂ" ನಮ್ಮ ಊರ ಕೆರೆಯಂಗಳ ಆಗಬಾರದು. ನಿಮಗೆ ಬೇಕಾದ ನಲ್ಲಿ, ಗುಂಡಿಯನ್ನು ಕೇಳಿ, ತಪ್ಪಿಲ್ಲ. ಕೇಳುವಾಗ ಕಬ್ಬಿನ ಗ್ಯಾಂಗಿಗೂ ಸೇರಿಸಿ ಕೇಳಿ. ನಿಮ್ಮ ಮಾತು ವಿಧಾನಸೌಧಕ್ಕೆ ಬೇಗ ಮುಟ್ಟುತ್ತದೆ.

ನಾವು ಊರವರು ಮಾಡಬೇಕಾದ್ದೂ ಇದೆ. 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಅದರಲ್ಲಿ ಗ್ಯಾಂಗ್ ಇಳಿಯುವ ಜಾಗಕ್ಕೆ ಎಷ್ಟು ಹೋಯಿತು? ಗ್ರಾಮಸಭೆಯಲ್ಲಿ ಕೇಳಿ. ಹೆಂಗಸರಿಗೆ ಬಾಗಿಲಿರುವ ಕಕ್ಕಸು, ಒಂದು ನಲ್ಲಿ, ಒಂದು ದೀಪದ ಕಂಬ. ಇಷ್ಟನ್ನು ಮುಂದಿನ ಹಂಗಾಮಿಗೆ ಮುಂಚೆ ಕಟ್ಟಿಸಬೇಕು, ಖರ್ಚಿನ ಪಾಲು ಕಾರ್ಖಾನೆಯಿಂದ ವಸೂಲಾಗಬೇಕು. ವಾರಾಂತ್ಯದ ವ್ಯಾನುಗಳು ಬಂದರೆ ಶುಲ್ಕ ಕೊಟ್ಟು ಅಲ್ಲೇ ನಿಲ್ಲಲಿ. ಆದರೆ ಮೊದಲ ಹಕ್ಕು ಟ್ರೇಲರ್‌ನಲ್ಲಿ ಬಂದವರದ್ದು.