ಈ ವರ್ಷದ ಬೋನಸ್ಸೋ, ಬರುವ ವರ್ಷದ ಗೋದಾಮೋ?

ಅಡಿಕೆ ಸಸಿ ನೆಟ್ಟವನಿಗೆ ತಾಳ್ಮೆಯ ಪಾಠ ಹೇಳಬೇಕಾದುದಿಲ್ಲ. ಫಸಲು ಕಾಣಲು ಐದಾರು ವರ್ಷ, ಕಾಫಿಗಾದರೆ ಮೂರು ನಾಲ್ಕು ವರ್ಷ ಕಾಯುವುದು ನಮ್ಮ ಕಸುಬಿನಲ್ಲೇ ಇದೆ. ಅದೇ ಬೆಳೆಗಾರ ಮಹಾಸಭೆಯಲ್ಲಿ ಕುಳಿತೊಡನೆ "ಲಾಭ ಬಂದಿದೆಯಲ್ಲ, ಬೋನಸ್ ಹಂಚಿಬಿಡಿ, ಗೋದಾಮು ಬರುವ ವರ್ಷ ನೋಡೋಣ" ಎನ್ನುತ್ತಾನೆ. ಬರುವ ವರ್ಷವೂ ಅದೇ ಮಾತು. ಇದು ಸದಸ್ಯರ ದುರಾಸೆ ಎಂದು ತಳ್ಳಿಹಾಕುವವರಿದ್ದಾರೆ. ನಾವು ಹಾಗೆ ಭಾವಿಸುವುದಿಲ್ಲ.

ಕಾಯುವ ಶಕ್ತಿ ಗುಣದ ಮಾತಿಗಿಂತ ಹೆಚ್ಚಾಗಿ ಗಂಟಿನ ಮಾತು. ಹೊಸ ಚಾಲಿಗಿಂತ ಹಳೆ ಚಾಲಿಗೆ ಸಾಮಾನ್ಯವಾಗಿ ಧಾರಣೆ ಹೆಚ್ಚೆಂದು ಯಾರಿಗೆ ತಿಳಿಯದು? ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡಿನಲ್ಲೋ ಕಂಪ್ಯೂಟರ್ ಕೆಲಸದಲ್ಲಿದ್ದು ತಿಂಗಳು ತಿಂಗಳು ಹಣ ಕಳಿಸುವ ಮನೆಯಲ್ಲಿ ಅಡಿಕೆ ಮೂಟೆ ಅಟ್ಟದಲ್ಲೇ ಹಳತಾಗುತ್ತದೆ. ಮಗ ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ದುಡಿದು, ಬಂದದ್ದು ಬಾಡಿಗೆಗೇ ಸಾಲದೆನ್ನುವ ಮನೆಯಲ್ಲಿ, ಅಡಿಕೆ ಅಂಗಳದಲ್ಲಿ ಒಣಗುತ್ತಿರುವಾಗಲೇ ವ್ಯಾಪಾರ ಮುಗಿದಿರುತ್ತದೆ. ಸಭೆಯಲ್ಲಿ ಇಬ್ಬರಿಗೂ ಒಂದೊಂದೇ ಮತ.

ಇಂತಹವರು ಕೂಡಿ ತೀರ್ಮಾನಿಸುವಾಗ ಒಂದು ವಿಚಿತ್ರ ನಡೆಯುತ್ತದೆ. "ಐದು ವರ್ಷದ ನಂತರ ಬರುವ ಬೋನಸ್ ಬಿಟ್ಟುಕೊಟ್ಟು ಗೋದಾಮು ಕಟ್ಟೋಣವೇ?" ಎಂದರೆ ಅವಸರವುಳ್ಳವನು ತಕರಾರು ಮಾಡುವುದಿಲ್ಲ, ಅಷ್ಟು ದೂರದ ಹಣ ಅವನ ಲೆಕ್ಕಕ್ಕೇ ಇಲ್ಲ. ಕಾಯಬಲ್ಲವನ ಮಾತು ನಡೆಯುತ್ತದೆ. ಐದನೆಯ ವರ್ಷ ಬಂತೆನ್ನಿ, ಹಣ ಕಣ್ಣೆದುರಿಗಿದೆ. ಈಗ ಅವಸರವುಳ್ಳವನ ಕೂಗೇ ದೊಡ್ಡದು. ಇವರಲ್ಲಿ ಯಾರೂ ಮನಸ್ಸು ಬದಲಿಸಲಿಲ್ಲ, ಆದರೂ ಸಂಘ ಮಾತು ತಪ್ಪಿತು. ಅರ್ಥಶಾಸ್ತ್ರಜ್ಞರಾದ ಮ್ಯಾಥ್ಯೂ ಜ್ಯಾಕ್ಸನ್ ಮತ್ತು ಲೀಯತ್ ಯಾರಿವ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರವೂ ಇದೇ. ನಮ್ಮ ನಡಾವಳಿ ಪುಸ್ತಕ ತಿರುವಿದ್ದರೂ ಅವರಿಗೆ ಸಾಕಾಗುತ್ತಿತ್ತು!

ಹಾಗೆಂದು ಬಲವಂತದಿಂದ ಕಾಯಿಸಿದರಾಯಿತೇ? ಕಾಫಿಯವರಿಗೆ ಆ ಅನುಭವ ಹೊಸದಲ್ಲ. 1942ರ ಕಾಯಿದೆಯಂತೆ ಮನೆಬಳಕೆಗೂ ಬೀಜಕ್ಕೂ ಬೇಕಾದಷ್ಟನ್ನು ಬಿಟ್ಟು ಉಳಿದ ಕಾಫಿಯೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗಬೇಕಿತ್ತು. ಮೊದಲು ಒಂದಿಷ್ಟು ಹಣ. ಉಳಿದದ್ದು ಬೋರ್ಡು ಮಾರಿದ ಹಾಗೆ ಕಂತು ಕಂತಾಗಿ. ಯುದ್ಧದಿಂದ ರಫ್ತು ಕುಸಿದ ಕಾಲದಲ್ಲಿ ಪೂಲು ಬೆಳೆಗಾರನಿಗೆ ಆಸರೆಯಾಯಿತು, ನಿಜ. ಆದರೆ ಕಂತಿಗಾಗಿ ಕಾಯುವ ಕಷ್ಟ ದೊಡ್ಡ ಎಸ್ಟೇಟಿಗೂ ಎರಡೆಕರೆಯವನಿಗೂ ಒಂದೇ ಆಗಿರಲಿಲ್ಲ. 1990ರ ದಶಕದಲ್ಲಿ ಪೂಲು ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಮುಗಿದಾಗ ಮರುಗಿದ ಸಣ್ಣ ಬೆಳೆಗಾರರನ್ನು ನಾವು ಹೆಚ್ಚಾಗಿ ಕಾಣಲಿಲ್ಲ.

1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕ್ಯಾಂಪ್ಕೊ ಹಿಡಿದ ದಾರಿ ಬೇರೆ. ಬೆಳೆಗಾರನಿಗೆ ಮಾಲಿನ ಹಣ ಕೊಟ್ಟು, ದಾಸ್ತಾನಿಟ್ಟು ಕಾಯುವ ಭಾರವನ್ನು ಸಂಸ್ಥೆಯೇ ಹೊತ್ತಿತು. ನಮಗೆ ಬೇಕಾದದ್ದು ಇದರ ಸಣ್ಣ ರೂಪ.

ಸಹಕಾರ ಕಾಯಿದೆ ನಿವ್ವಳ ಲಾಭದ ಶೇಕಡಾ 25ನ್ನು ಮೀಸಲು ನಿಧಿಗೆ ಎತ್ತಿಡಿಸುತ್ತದೆ. ಅದಕ್ಕೆ ವರ್ಷ ವರ್ಷ ಯಾರೂ ಕೈ ಎತ್ತಬೇಕಿಲ್ಲ. ಆದ್ದರಿಂದಲೇ ಅದು ಉಳಿದಿದೆ. ಗೋದಾಮಿನ ಪಾಲೂ ಹಾಗೆಯೇ ಬೈಲಾದಲ್ಲಿ ಸೇರಲಿ. ಆದರೆ ಅದರೊಂದಿಗೆ, ಗೋದಾಮಿಗೆ ತಂದ ಮಾಲಿನ ಮೇಲೆ ಅಂದೇ ಅಡಮಾನ ಸಾಲ, ಅದೂ ಸಣ್ಣ ಹಿಡುವಳಿಯವರಿಗೆ ಮೊದಲು ಸಿಗಬೇಕು. ಸದಸ್ಯ ಬಾಂಧವರು ಇವೆರಡನ್ನೂ ಒಂದೇ ಠರಾವಾಗಿ ತರಬೇಕೆಂದು ಕೋರುತ್ತೇವೆ. ಸಾಲವನ್ನು ಕೈಬಿಟ್ಟು ಗೋದಾಮೊಂದನ್ನೇ ಮತಕ್ಕೆ ಹಾಕುವುದಾದರೆ ಅದಕ್ಕೆ ನಮ್ಮ ಬೆಂಬಲವಿಲ್ಲ.